ನಿಮ್ಮ ಕೆಲಸ ಹೋಗುತ್ತೆ, ನಮ್ಮದು ಇರುತ್ತೆ

2025ರ ನವೆಂಬರ್ 6ರಂದು ಟೆಸ್ಲಾ ಷೇರುದಾರರು ಎಲಾನ್ ಮಸ್ಕ್ ಅವರಿಗೆ ಹೊಸ ಸಂಬಳ ಮಂಜೂರು ಮಾಡಿದರು. ಹೇಳಿದ ಗುರಿಗಳನ್ನೆಲ್ಲ ಮುಟ್ಟಿದರೆ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ 1 ಲಕ್ಷ ಕೋಟಿ ಡಾಲರ್ ಬೆಲೆಯ ಷೇರು. ಅದಾಗಿ ಎರಡು ವಾರ ತುಂಬುವ ಮೊದಲೇ, ವಾಷಿಂಗ್ಟನ್ನಿನಲ್ಲಿ ನಡೆದ ಅಮೆರಿಕ-ಸೌದಿ ಹೂಡಿಕೆ ಸಮಾವೇಶದಲ್ಲಿ ಅವರೇ ಭವಿಷ್ಯ ನುಡಿದರು. ಎಐ ಮತ್ತು ರೋಬಾಟ್‌ಗಳ ದೆಸೆಯಿಂದ ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಕೆಲಸ ಮಾಡುವುದು ಬಿಡುವುದು ಅವರವರ ಇಷ್ಟ. ಅಂಗಡಿಯಲ್ಲಿ ಸಿಗುವ ತರಕಾರಿಯನ್ನೇ ಕೆಲವರು ಹಿತ್ತಲಲ್ಲಿ ಬೆಳೆಯುತ್ತಾರಲ್ಲ, ಹಾಗೆ. ಮುಂದೊಂದು ದಿನ ದುಡ್ಡಿಗೂ ಅರ್ಥ ಇರುವುದಿಲ್ಲವಂತೆ.

ಲೆಕ್ಕ ಹಾಕಿ ನೋಡಿ. ಪೂರ್ತಿ ಸಂಬಳ ಕೈಗೆ ಬರುವ ಹೊತ್ತಿಗೆ ಸರಿಯಾಗಿ ದುಡ್ಡು ಲೆಕ್ಕಕ್ಕಿಲ್ಲದಂತಾಗುತ್ತದೆ. ಪಾಪ ಅಲ್ವಾ? ಇಷ್ಟು ಕೆಟ್ಟದಾಗಿ ಸಂಬಳದ ಚೌಕಾಸಿ ಮಾಡಿದ ನೌಕರ ಇನ್ನೊಬ್ಬ ಸಿಗಲಿಕ್ಕಿಲ್ಲ. (ಹಿತ್ತಲಿನ ಮಾತು ಹಿತ್ತಲು ಇರುವವರಿಗೆ ಸರಿ. ಮೂರನೇ ಮಹಡಿಯ ಬಾಡಿಗೆ ಮನೆಯವರು ಏನು ಮಾಡಬೇಕು ಅಂತ ಅವರು ಹೇಳಲಿಲ್ಲ.)

ಆದರೆ ಅವರೇನು ದಡ್ಡರಲ್ಲ. ಅದಕ್ಕೂ ಹಿಂದಿನ ತಿಂಗಳು ಹೂಡಿಕೆದಾರರ ಜೊತೆ ಮಾತಾಡುವಾಗ ಬಾಯಿಬಿಟ್ಟು ಹೇಳಿದ್ದರು. ದೊಡ್ಡ ರೋಬಾಟ್ ಸೈನ್ಯ ಕಟ್ಟಬೇಕು, ಆದರೆ ಅದರ ಮೇಲೆ ತಮ್ಮ ಪ್ರಭಾವ ಗಟ್ಟಿಯಾಗಿ ಇರದಿದ್ದರೆ ಕಟ್ಟಲು ಮನಸ್ಸಿಲ್ಲ ಅಂತ. ಅಂದರೆ ಷೇರು ಬೇಕಿರುವುದು ಖರ್ಚಿಗಲ್ಲ, ಕಂಪನಿಯೊಳಗಿನ ವೋಟಿಗೆ. ದುಡ್ಡಿಗೆ ಬೆಲೆ ಹೋದರೂ ವೋಟಿಗೆ ಬೆಲೆ ಹೋಗುವುದಿಲ್ಲ ಅನ್ನುವುದು ಅವರಿಗೆ ಗೊತ್ತು. 2024ರ ಚುನಾವಣೆಯಲ್ಲಿ ಟ್ರಂಪ್ ಮತ್ತು ಅವರ ಪಕ್ಷಕ್ಕಾಗಿ 25 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಕಲಿತ ಪಾಠ ಅದು.

ಸೈನ್ಯದ ಸ್ಥಿತಿ ಹೇಗಿದೆ ಅಂತ ಕೇಳಬಹುದು. 2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ಹತ್ತಿರ ಟೆಸ್ಲಾ ಒಂದು ಪಾರ್ಟಿ ಇಟ್ಟುಕೊಂಡಿತ್ತು. ರೋಬಾಟ್‌ಗಳು ಅತಿಥಿಗಳಿಗೆ ಡ್ರಿಂಕ್ಸ್ ಕೊಟ್ಟವು, ಹರಟೆ ಹೊಡೆದವು. ಆಮೇಲೆ ಗೊತ್ತಾಯಿತು, ಅವನ್ನು ದೂರದಲ್ಲಿ ಕೂತ ಮನುಷ್ಯರು ಆಡಿಸುತ್ತಿದ್ದರು ಅಂತ. ಭವಿಷ್ಯದಲ್ಲಿ ಕೆಲಸ ಇಲ್ಲ ಅಂದವರು ಯಾರು? ರೋಬಾಟ್ ವೇಷ ಹಾಕುವ ಕೆಲಸ ಇದೆಯಲ್ಲ.

ಉಳಿದ ಭವಿಷ್ಯಗಾರರದೂ ಇದೇ ದಾರಿ. 1930ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್, ನೂರು ವರ್ಷದಲ್ಲಿ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಅಂದಿದ್ದರು. 2025ರ ಫೆಬ್ರವರಿಯಲ್ಲಿ ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸರ್ಗೆ ಬ್ರಿನ್ ಎಐ ತಂಡದವರಿಗೆ ಬರೆದರು, ವಾರಕ್ಕೆ 60 ಗಂಟೆ ದುಡಿದರೆ ಹದವಾಗಿರುತ್ತದೆ ಅಂತ. ಯಾರೂ ದುಡಿಯಬೇಕಾಗಿಲ್ಲ ಎನ್ನುವಂಥ ಯಂತ್ರ ಕಟ್ಟುವುದಕ್ಕೆ ಇಷ್ಟು ಬೇಕಾಗುತ್ತದೆ, ಏನು ಮಾಡೋದು. ಎಐ ಕಂಪನಿ ಆಂಥ್ರೊಪಿಕ್‌ನ ಮುಖ್ಯಸ್ಥ ಡಾರಿಯೊ ಅಮೊಡೈ ಅದೇ ವರ್ಷ ಮೇ ತಿಂಗಳಲ್ಲಿ, ಹೊಸಬರು ಸೇರುವ ಕಚೇರಿ ಕೆಲಸಗಳಲ್ಲಿ ಅರ್ಧದಷ್ಟು ಐದು ವರ್ಷದೊಳಗೆ ಹೋಗಬಹುದು ಅಂತ ಎಚ್ಚರಿಸಿದರು. ಎಚ್ಚರಿಸಿ, ಆಫೀಸಿಗೆ ಹೋಗಿ, ಅದನ್ನೇ ತಯಾರು ಮಾಡುವುದನ್ನು ಮುಂದುವರಿಸಿದರು.

ನನಗೆ ಎಲ್ಲರಿಗಿಂತ ಇಷ್ಟವಾದವರು ಸಿಲಿಕಾನ್ ವ್ಯಾಲಿಯ ಮಾರ್ಕ್ ಆಂಡ್ರೀಸನ್. ಎಐ ಉಳಿದ ಎಲ್ಲ ಕೆಲಸ ಮಾಡತೊಡಗಿದ ಮೇಲೂ ಮನುಷ್ಯರೇ ಮಾಡುವ ಕೊನೆಯ ಕೆಲವು ಕೆಲಸಗಳಲ್ಲಿ ಒಂದು ಉಳಿದೀತು ಅಂತ ಅವರ ಅಂದಾಜು. ಯಾವುದು? ವೆಂಚರ್ ಕ್ಯಾಪಿಟಲ್, ಅಂದರೆ ಹೊಸ ಕಂಪನಿಗಳಿಗೆ ದುಡ್ಡು ಹಾಕುವ ವ್ಯವಹಾರ. ಅವರು ಮಾಡುವುದೇನು? ವೆಂಚರ್ ಕ್ಯಾಪಿಟಲ್. ಡಾಕ್ಟರು ಹೋಗಬಹುದು, ವಕೀಲರು ಹೋಗಬಹುದು, ನಾನಂತೂ ಯಾವತ್ತೋ ಹೋದೆ. ಯಾವ ಕಂಪನಿಗೆ ದುಡ್ಡು ಹಾಕಬೇಕು ಅಂತ ಮೂಗಿನಲ್ಲಿ ವಾಸನೆ ಹಿಡಿಯುವ ವಿದ್ಯೆ ಮಾತ್ರ ಯಂತ್ರಕ್ಕೆ ಒಲಿಯುವುದಿಲ್ಲ.

ಇವರ ಕೈಗೆ ಸರ್ಕಾರ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾಯಿತು. ಸರ್ಕಾರದ ಖರ್ಚಿನಲ್ಲಿ 2 ಲಕ್ಷ ಕೋಟಿ ಡಾಲರ್ ಕಡಿತ ಮಾಡಬಹುದು ಅಂತ ಚುನಾವಣೆಗೆ ಮೊದಲು ಹೇಳಿದ್ದ ಮಸ್ಕ್, ಟ್ರಂಪ್ ಸರ್ಕಾರದ ಖರ್ಚು ಕಡಿತದ ತಂಡದ ಮುಂದಾಳಾಗಿ 2025ರ ಫೆಬ್ರವರಿಯಲ್ಲಿ ವೇದಿಕೆ ಮೇಲೆ ಮರ ಕೊಯ್ಯುವ ಗರಗಸ ಝಳಪಿಸಿದರು. ಅದಾಗಿ ಎರಡೇ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಜನರಿರುವ ಕೇಂದ್ರ ಸರ್ಕಾರದ ನೌಕರ ವರ್ಗಕ್ಕೆ ಇಮೇಲ್ ಹೋಯಿತು: ಕಳೆದ ವಾರ ಏನು ಮಾಡಿದಿರಿ, ಸುಮಾರು ಐದು ಸಾಲಿನಲ್ಲಿ ಬರೆಯಿರಿ. ಉತ್ತರಿಸದಿದ್ದರೆ ರಾಜೀನಾಮೆ ಕೊಟ್ಟಂತೆ ಅಂತ ಮಸ್ಕ್ ಎಕ್ಸ್‌ನಲ್ಲಿ ಒಗ್ಗರಣೆ ಹಾಕಿದರು. ಅದೇ ತಿಂಗಳು ಅಣ್ವಸ್ತ್ರ ನೋಡಿಕೊಳ್ಳುವ ಇಲಾಖೆಯವರನ್ನೂ ಮನೆಗೆ ಕಳಿಸಿ, ಅಯ್ಯೋ ಇವರು ಬೇಕಿತ್ತಲ್ಲ ಅಂತ ವಾಪಸ್ ಕರೆಯಲು ಹೊರಟರು. ಅಷ್ಟರಲ್ಲಿ ಆಫೀಸಿನ ಇಮೇಲ್ ಮುಚ್ಚಿ ಆಗಿತ್ತು, ಕೆಲವರನ್ನು ಹುಡುಕುವುದೇ ಕಷ್ಟವಾಯಿತು. ಮೇ ಕೊನೆಗೆ ಮಸ್ಕ್ ಹೊರಟಾಗ, ಅವರ ತಂಡ ತಾನೇ ಹೇಳಿಕೊಂಡ ಉಳಿತಾಯವೂ 2 ಲಕ್ಷ ಕೋಟಿಯ ಹತ್ತನೇ ಒಂದು ಭಾಗಕ್ಕೆ ಮುಟ್ಟಿರಲಿಲ್ಲ.

ಆ ಐದು ಸಾಲಿನ ಇಮೇಲ್ ನನಗೆ ಬಹಳ ಹಿಡಿಸಿತು. ಅದನ್ನು ಅದೇ ವರ್ಷ ಸೆಪ್ಟೆಂಬರ್ 4ರ ರಾತ್ರಿ ಶ್ವೇತಭವನದಲ್ಲಿ ಊಟಕ್ಕೆ ಕೂತವರಿಗೂ ಕಳಿಸಬೇಕಿತ್ತು. ಆಪಲ್‌ನ ಕುಕ್, ಗೂಗಲ್‌ನ ಪಿಚೈ, ಮೈಕ್ರೋಸಾಫ್ಟ್‌ನ ನಾದೆಲ್ಲಾ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನ ಆಲ್ಟ್‌ಮನ್, ಬಿಲ್ ಗೇಟ್ಸ್ ಎಲ್ಲರೂ ಇದ್ದರು. ಒಬ್ಬೊಬ್ಬರಾಗಿ ಅಧ್ಯಕ್ಷರಿಗೆ ಧನ್ಯವಾದ ಹೇಳಿದರು. ಪಕ್ಕದಲ್ಲೇ ಕೂತಿದ್ದ ಫೇಸ್‌ಬುಕ್‌ನ ಜುಕರ್‌ಬರ್ಗ್ ಅವರನ್ನು ಟ್ರಂಪ್ ಕೇಳಿದರು, ಎಷ್ಟು ಹೂಡುತ್ತೀರಿ ಅಂತ. 2028ರೊಳಗೆ ಕಡಿಮೆ ಅಂದರೂ 60 ಸಾವಿರ ಕೋಟಿ ಡಾಲರ್ ಅಂದರು ಅವರು. ಆಮೇಲೆ ಮೈಕ್ ಆನ್ ಇರುವಾಗಲೇ ಟ್ರಂಪ್ ಕಡೆ ಬಾಗಿ, ತಯಾರಾಗಿರಲಿಲ್ಲ, ನಿಮಗೆ ಯಾವ ಸಂಖ್ಯೆ ಬೇಕಿತ್ತೋ ಗೊತ್ತಾಗಲಿಲ್ಲ ಅಂದುಬಿಟ್ಟರು. 60 ಸಾವಿರ ಕೋಟಿ! ನಾವು ಟೀ ಬಿಲ್ ಕೊಡುವಾಗಲೂ ಇದಕ್ಕಿಂತ ಜಾಸ್ತಿ ಯೋಚನೆ ಮಾಡುತ್ತೇವೆ.

ಅಲ್ಲಿದ್ದ ಯಾವುದೋ ಧಣಿಯ ಉತ್ತರ ಹೀಗಿರುತ್ತಿತ್ತೇನೋ. ಒಂದು, ಊಟಕ್ಕೆ ಹೋದೆ. ಎರಡು, ಹೊಗಳಿದೆ. ಮೂರು, ಸಂಖ್ಯೆ ಹೇಳಿದೆ. ನಾಲ್ಕು, ಹೇಳಿದ ಸಂಖ್ಯೆ ಸರಿಹೋಯಿತಾ ಅಂತ ವಿಚಾರಿಸಿದೆ. ಐದು, ನಿಮ್ಮ ಕೆಲಸ ಯಾವಾಗ ಹೋಗುತ್ತೆ ಅಂತ ಪಾಡ್‌ಕಾಸ್ಟ್‌ನಲ್ಲಿ ವಿವರಿಸಿದೆ. ಇದರಲ್ಲಿ ಯಾವ ಸಾಲನ್ನು ಚಾಟ್‌ಬಾಟ್ ಮಾಡಲಾರದು, ನೀವೇ ಹೇಳಿ. ಹೊಗಳುವುದರಲ್ಲಂತೂ ಅದನ್ನು ಮೀರಿಸುವವರಿಲ್ಲ.

ಕಾನೂನಿನ ಕಥೆ ಬೇಗ ಮುಗಿಯುತ್ತದೆ. 2023ರ ಮೇನಲ್ಲಿ ಸ್ಯಾಮ್ ಆಲ್ಟ್‌ಮನ್ ಸೆನೆಟ್ ಮುಂದೆ ಕೂತು, ನಮಗೆ ಲೈಸೆನ್ಸ್ ಕೊಡುವ ಸಂಸ್ಥೆ ಮಾಡಿ, ನಿಯಮ ಹಾಕಿ ಅಂದರು. ಎರಡು ವರ್ಷದ ಮೇಲೆ ಅದೇ ಸೆನೆಟ್ ಮುಂದೆ, ಸರ್ಕಾರದ ಒಪ್ಪಿಗೆ ಪಡೆದೇ ಬಿಡುಗಡೆ ಮಾಡಬೇಕೆಂದರೆ ಅನಾಹುತವಾಗುತ್ತದೆ ಅಂದರು. ರಾಜ್ಯಗಳು ಹತ್ತು ವರ್ಷ ಎಐ ಕಾನೂನು ಮಾಡುವಂತಿಲ್ಲ ಅನ್ನುವ ಅಂಶವನ್ನು ದೊಡ್ಡ ಮಸೂದೆಯೊಂದರಲ್ಲಿ ತುರುಕಿದ್ದನ್ನು 2025ರ ಜುಲೈನಲ್ಲಿ ಸೆನೆಟ್ 99-1 ಮತದಿಂದ ಕಿತ್ತು ಹಾಕಿತು. ಇವತ್ತಿನ ಅಮೆರಿಕದಲ್ಲಿ 99 ಸೆನೆಟರ್‌ಗಳು ಒಂದಾಗುವುದೆಂದರೆ ತಮಾಷೆಯಲ್ಲ. ಆ ಆಗಸ್ಟ್‌ನಲ್ಲೇ ಆಂಡ್ರೀಸನ್ ಅವರ ಸಂಸ್ಥೆ, ಓಪನ್‌ಎಐನ ಗ್ರೆಗ್ ಬ್ರಾಕ್‌ಮನ್ ಮುಂತಾದವರು ಸೇರಿ, ತಮಗೆ ಬೇಕಾದವರನ್ನು ಗೆಲ್ಲಿಸಲು 10 ಕೋಟಿ ಡಾಲರ್‌ಗೂ ಹೆಚ್ಚಿನ ಚುನಾವಣಾ ನಿಧಿ ತೆಗೆದರು. ದುಡ್ಡಿಗೆ ಅರ್ಥ ಹೋಗುವ ಮೊದಲು ಖರ್ಚು ಮಾಡಬೇಕಲ್ಲ.

ಒಂದು ವಿಷಯ ಮಾತ್ರ ಗಮನಿಸಿದೆ. ಸೆನೆಟರ್ ಕೆಲಸವನ್ನು ಎಐ ಮಾಡುತ್ತದೆ ಅಂತ ಇವರಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಭಾಷಣ ಬರೆಯುವುದು, ಸಾವಿರ ಪುಟದ ಮಸೂದೆ ಓದುವುದು, ಕೇಳಿದ ಪ್ರಶ್ನೆ ಬಿಟ್ಟು ಬೇರೆ ಯಾವುದಕ್ಕೋ ಉತ್ತರ ಕೊಡುವುದು, ಎಲ್ಲ ಅದಕ್ಕೆ ಈಗಲೇ ಬರುತ್ತದೆ. ಆದರೆ ಯಂತ್ರಕ್ಕೆ ಚುನಾವಣೆ ಖರ್ಚು ಇಲ್ಲ. ಖರ್ಚೇ ಇಲ್ಲದವರಿಗೆ ದೇಣಿಗೆ ಕೊಡುವುದು ಹೇಗೆ?