ನಮ್ಮ ಸೈಟು ಮಾರಾಟ ಆಗಿದ್ದು ನಮಗೇ ಗೊತ್ತಿಲ್ಲ!

ನಮ್ಮ ದೊಡ್ಡಪ್ಪನ ಸೈಟು ಮಾರಾಟ ಆಗಿದೆ. ದೊಡ್ಡಪ್ಪ ಮಾರಿಲ್ಲ. ಆದರೆ ಪತ್ರದ ಪ್ರಕಾರ ಅವರೇ ರಿಜಿಸ್ಟ್ರಿ ಆಫೀಸಿಗೆ ಹೋಗಿ, ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಕೊಟ್ಟು, ಹಣ ಪೂರ್ತಿ ಸಂದಾಯವಾಗಿದೆ ಅಂತ ಸಹಿ ಹಾಕಿದ್ದಾರೆ!

ದಾವಣಗೆರೆಯ ಅಂಚಿನಲ್ಲಿರುವ ಮೂವತ್ತು ನಲವತ್ತರ ಸೈಟು ಅದು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದಾಗ, ಅಂದರೆ 1997ಕ್ಕೂ ಮುಂಚೆ, ಕಾಟನ್ ಮಿಲ್ಲಿನ ಸಂಬಳದಲ್ಲಿ ಉಳಿಸಿ ತಗೊಂಡಿದ್ದು. ಖಾಲಿ ಸೈಟು, ವಯಸ್ಸಾದ ಮಾಲೀಕರು, ಬೆಂಗಳೂರಲ್ಲಿರುವ ಮಕ್ಕಳು. ಈ ಕಳ್ಳರಿಗೆ ಬೇಕಾಗಿರೋದೇ ಇಂಥವು. 2024ರಲ್ಲಿ ರಿಜಿಸ್ಟ್ರಿಗೆ ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಕಂಪ್ಯೂಟರ್ ದಾಖಲೆ) ಕಡ್ಡಾಯ ಅಂತಾಯಿತಲ್ಲ, ನಾವೂ ಮಾಡಿಸಿಡೋಣ ಅಂತ ಹೋದೆವು. ಖಾತೆ ಬೇರೆಯವರ ಹೆಸರಿನಲ್ಲಿದೆ ಅಂದರು. ಇ.ಸಿ., ಅಂದರೆ ಆಸ್ತಿಯ ಮೇಲೆ ಏನೇನು ನೋಂದಣಿ ಆಗಿದೆ ಅಂತ ತೋರಿಸೋ ಋಣಭಾರ ಪತ್ರ, ತೆಗೆಸಿ ನೋಡಿದರೆ ಕೋವಿಡ್ ಗಲಾಟೆ ಮುಗಿದ ಹೊತ್ತಿಗೇ ಕ್ರಯ ಆಗಿಹೋಗಿದೆ. ಅದರ ಮೇಲೆ ಇನ್ನೊಂದು ಕ್ರಯ ಬೇರೆ!

ಪತ್ರದ ದೃಢೀಕೃತ ನಕಲು ತೆಗೆಸಿದ ದಿನ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ದೊಡ್ಡಪ್ಪನ ಹೆಸರು ಸರಿ ಇದೆ, ತಾತನ ಹೆಸರು ಸರಿ ಇದೆ, ಚೆಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿನ ಗಡಿ ವಿವರ, ಅದಂತೂ ಅಚ್ಚುಕಟ್ಟು. ಫೋಟೋದಲ್ಲಿ ಮಾತ್ರ ತಲೆ ತುಂಬಾ ಕಪ್ಪು ಕೂದಲಿನ ಯಾರೋ ಒಬ್ಬ. ನಮ್ಮ ದೊಡ್ಡಪ್ಪನ ತಲೆಯಲ್ಲಿ ಕೂದಲು ಕಂಡು ಎಷ್ಟೋ ವರ್ಷವಾಯಿತು! ವಯಸ್ಸು ಎಪ್ಪತ್ತರ ಮೇಲೆ ಅಂತ ಅದೇ ಪತ್ರದಲ್ಲಿ ಬರೆದಿದೆ. ಎದುರಿಗೆ ಕೂತವನ ಮುಖ ಒಂದ್ಸಲ ಎತ್ತಿ ನೋಡಿದ್ದರೆ ಸಾಕಿತ್ತು.

ಮೂಲ ಕ್ರಯಪತ್ರ ಇವತ್ತಿಗೂ ನಮ್ಮ ಬೀರುವಿನಲ್ಲೇ ಇದೆ. ಅದನ್ನ ಕೇಳಲೇ ಇಲ್ವಾ ಅಂತ ರಿಜಿಸ್ಟ್ರಿ ಆಫೀಸಿನವರನ್ನ ಕೇಳಿದರೆ, ಸೈಟು ನಿಜವಾಗಿ ಯಾರದ್ದು ಅಂತ ತೀರ್ಮಾನ ಮಾಡೋದು ನಮ್ಮ ಕೆಲಸ ಅಲ್ಲ, ಪತ್ರ ನೋಂದಾಯಿಸೋದಷ್ಟೇ ಅಂತಾರೆ. ಕಾನೂನು ಇರೋದೂ ಹಾಗೇ. ಮೂಲ ಪತ್ರ ತೋರಿಸದಿದ್ದರೆ ನೋಂದಣಿ ಇಲ್ಲ ಅಂತ ತಮಿಳುನಾಡು ಒಂದು ನಿಯಮ ಮಾಡಿಕೊಂಡಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಸರಿ, ಸೈಟು ಯಾರದ್ದು ಅಂತ ನೋಡಬೇಡಿ. ಬಂದವನು ಯಾರು ಅಂತ ನೋಡೋದಾದರೂ ನಿಮ್ಮ ಕೆಲಸ ತಾನೇ? 1908ರ ನೋಂದಣಿ ಕಾಯ್ದೆಯಲ್ಲೇ ಅದಿದೆ ಕಣ್ರೀ.

ಖಾತೆ ಬದಲಾದಾಗ ನಮ್ಮ ಮನೆಗೆ ಒಂದು ಚೀಟಿ ಬರಲಿಲ್ಲ. ಬ್ಯಾಂಕಿನಲ್ಲಿ ಐವತ್ತು ರೂಪಾಯಿ ಕಟ್ ಆದರೂ ಮೊಬೈಲಿಗೆ ಮೆಸೇಜ್ ಬರುತ್ತೆ. ಜೀವಮಾನದ ಸೈಟು ಕೈಬಿಟ್ಟು ಹೋದಾಗ ಯಾಕೆ ಬರಬಾರದು? ಇಂಗ್ಲೆಂಡಿನಲ್ಲಿ ಭೂ ನೋಂದಣಿ ಇಲಾಖೆಯೇ 10 ಆಸ್ತಿಯವರೆಗೆ ಪುಕ್ಕಟೆಯಾಗಿ ಇಂಥ ಎಚ್ಚರಿಕೆ ಕಳಿಸುತ್ತೆ. ಇಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಪರ್ಸೆಂಟಿನಿಂದ 2 ಪರ್ಸೆಂಟ್ ಆಯಿತು. ಆ ದುಡ್ಡಲ್ಲಿ ಹಳೇ ಮಾಲೀಕರಿಗೆ ಒಂದು ಮೆಸೇಜ್ ಹಾಕೋಕೆ ಆಗಲ್ವಾ?

"ವರ್ಷಕ್ಕೊಂದು ಸಲ ಇ.ಸಿ. ತೆಗೆಸಿ ನೋಡಬೇಕಿತ್ತು ಸಾರ್" ಅಂತ ಒಬ್ಬರು ಬುದ್ಧಿ ಹೇಳಿದರು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ತೆಗೆಸಬಹುದು, ನಿಜ. ನೀವೂ ತೆಗೆಸಿ ನೋಡಿ, ಸುಮ್ನೆ ಬಿಡಬೇಡಿ. ಆದರೆ ಓಟಿಪಿ ಅಂದರೇನು ಅಂತಲೇ ಗೊತ್ತಿಲ್ಲದ ನಮ್ಮ ದೊಡ್ಡಪ್ಪನಂಥವರು ತಮ್ಮ ಸೈಟು ತಮ್ಮದೇನಾ ಅಂತ ವರ್ಷ ವರ್ಷ ಕಂಪ್ಯೂಟರನ್ನ ಕೇಳಬೇಕಾ?

ನಕಲಿ ನೋಂದಣಿಯನ್ನು ಜಿಲ್ಲಾ ನೋಂದಣಾಧಿಕಾರಿಯೇ ರದ್ದು ಮಾಡಬಹುದು ಅಂತ 2023ರಲ್ಲಿ ನಮ್ಮ ರಾಜ್ಯದಲ್ಲೇ ತಿದ್ದುಪಡಿ ಪಾಸಾಗಿದೆ. ಅದನ್ನ ನಂಬಿ ಅರ್ಜಿ ಕೊಟ್ಟೆವು. ಸ್ವೀಕೃತಿ ಸಿಕ್ಕಿತು, ಆಮೇಲೆ ಸದ್ದಿಲ್ಲ. ಕೌಂಟರಿನಲ್ಲಿ ಕೇಳಿದರೆ ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ. ಸುಮ್ನೆ ಕೂರೋ ಹಾಗೂ ಇಲ್ಲ. ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಪತ್ರ ರದ್ದತಿಗೆ ದಾವೆ ಹಾಕಬೇಕು ಅಂತ ವಕೀಲರು ಹೇಳಿದ್ದಾರೆ. ಎರಡನೇ ಸಲ ತಗೊಂಡವರು ತಾವು ದುಡ್ಡು ಕೊಟ್ಟು ಕೊಂಡವರು ಅಂತ ಜಗಳಕ್ಕೆ ಬರುತ್ತಿದ್ದಾರೆ. ಅವರದ್ದೂ ಸಾಲದ ದುಡ್ಡಂತೆ, ಪಾಪ. ನಡುವೆ ದುಡ್ಡು ಮಾಡಿಕೊಂಡವನು ಮಾತ್ರ ಎಲ್ಲೋ ಆರಾಮಾಗಿದ್ದಾನೆ.

ಬೇರೆಯವರ ಹೆಸರು ಹೇಳಿಕೊಂಡು ಪತ್ರ ಬರೆದುಕೊಟ್ಟರೆ ನೋಂದಣಿ ಕಾಯ್ದೆಯ 82ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಸ್ಟೇಷನ್ನಿಗೆ ಹೋದರೆ ಆರೋಪಿ ಯಾರು, ಎಲ್ಲಿದ್ದಾನೆ ಅಂತ ನಮ್ಮನ್ನೇ ಕೇಳುತ್ತಾರೆ. ಅಲ್ರೀ, "ಇವರೇ ಮಾಲೀಕರು, ನಮಗೆ ಪರಿಚಯ" ಅಂತ ಸಾಕ್ಷಿ ಹಾಕಿದ ಇಬ್ಬರ ಹೆಸರು, ವಿಳಾಸ, ಸಹಿ ಎಲ್ಲಾ ಆ ಪತ್ರದ ಕೊನೇ ಪುಟದಲ್ಲಿದೆ. ಪತ್ರ ತಯಾರಿಸಿದ ಪತ್ರ ಬರಹಗಾರರ ಸಹಿಯೂ ಕೆಳಗೇ ಇದೆ. ಮೊದಲು ಅವರನ್ನ ಕರೆಸಿ ಕೇಳೋಕೆ ಏನು ಅಡ್ಡಿ?