ಸ್ಪಷ್ಟನೆ: ಸೌರಾನ್ ಹುಟ್ಟುತ್ತಲೇ ಕೆಟ್ಟವನಲ್ಲ

ದಾವಣಗೆರೆಯ ನಮ್ಮ ಓದುಗರ ಗುಂಪಿಗೆ ಹೋದ ವಾರ ನಾನು ಹಾಕಿದ ಮೆಸೇಜ್ ಈಗ ಚಿತ್ರದುರ್ಗದವರೆಗೂ ಓಡಾಡುತ್ತಿದೆ. ಇಂಗ್ಲಿಷ್ ಲೇಖಕ ಟೋಲ್ಕೀನ್ ಅವರ ಕಲ್ಪನಾ ಕಥೆಗಳ ಖಳನಾಯಕ ಸೌರಾನ್ ಹುಟ್ಟಿನಿಂದಲೇ ದುಷ್ಟ, ಲೋಕನಾಶವೇ ಅವನ ಗುರಿ ಎಂದು ಬರೆದಿದ್ದೆ. ಅದು ತಪ್ಪು.

1954ರ ‘ದಿ ಫೆಲೋಶಿಪ್ ಆಫ್ ದಿ ರಿಂಗ್’ ಕಾದಂಬರಿಯಲ್ಲಿ ಹಿರಿಯ ಜ್ಞಾನಿ ಎಲ್ರಾಂಡ್ ತುಂಬಿದ ಸಭೆಯಲ್ಲೇ ಹೇಳುತ್ತಾನೆ, ಮೊದಲಿಗೆ ಯಾರೂ ಕೆಟ್ಟವರಲ್ಲ, ಸೌರಾನ್ ಕೂಡ. 1977ರ ‘ದಿ ಸಿಲ್ಮರಿಲಿಯನ್’ ಪುಸ್ತಕದ ಪ್ರಕಾರ ಸೌರಾನ್ ಮೊದಲು ಔಲೆ ಎಂಬ ಕುಶಲಕರ್ಮಿ ದೇವತೆಯ ಕಡೆಯವನು. ನಮ್ಮ ವಿಶ್ವಕರ್ಮ ಇದ್ದ ಹಾಗೆ ಅನ್ನಿ. ಸೌರಾನ್‌ಗೆ ಬೇಕಿದ್ದುದು ಹಿಡಿತ. ಎಲ್ಲವೂ ಅಚ್ಚುಕಟ್ಟಾಗಿ, ತಾನು ಹೇಳಿದಂತೆಯೇ ನಡೆಯಬೇಕು ಅನ್ನೋ ಹಟ. ಇಂಥವರನ್ನು ನಾವೂ ನೋಡಿದ್ದೇವೆ ಅಲ್ವಾ? ಎಲ್ಲವನ್ನೂ ಹಾಳುಗೆಡಹುವ ಸಿಟ್ಟು ಇದ್ದದ್ದು ಅವನ ಒಡೆಯ ಮಾರ್ಗಾತ್‌ಗೆ. ನಾನು ಸುಮ್ನೆ ಇಬ್ಬರನ್ನೂ ಕಲಸಿಬಿಟ್ಟಿದ್ದೆ.

ಹಳೆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.