ಸಿರಿಂಜಿನ ಒಳಗೇನಿದೆ ಅಂತ ಹೇಳಿದ್ದೀಯಾ?

ಬೆಂಗಳೂರಿನಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ಆಪರೇಷನ್ ಆದವರಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೊಟ್ಟೆಗೆ ಚುಚ್ಚುವ ಎನೋಕ್ಸಪರಿನ್ ಇಂಜೆಕ್ಷನ್ ಎಷ್ಟು ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟದ ಅಜ್ಜಿಯರಿಗೂ ಕೊಟ್ಟಿದ್ದೇನೆ. ಅದರ ಮೂಲ ಹಂದಿಯ ಕರುಳು. ಓದುವಾಗ ಪಾಠದಲ್ಲಿ ಬಂದಿತ್ತೋ ಏನೋ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದ ಮೊದಲ ವಾರವೇ ವಾರ್ಡ್ ಸಿಸ್ಟರ್ ನನ್ನನ್ನು ತಡೆದರು. "ಇದು ಯಾವುದರಿಂದ ಮಾಡಿದ್ದು ಅಂತ ರೋಗಿಗೆ ಹೇಳಿದ್ದೀಯಾ?" ಅವರೊಬ್ಬರ ಶಿಸ್ತು ಅಂದುಕೊಂಡೆ. ಆಮೇಲೆ ನೋಡಿದರೆ, ಚಿಕಿತ್ಸೆ ಹೇಗಿರಬೇಕು ಅಂತ ಇಲ್ಲಿನ ಆಸ್ಪತ್ರೆಗಳಿಗೆ ಸಲಹೆ ಕೊಡುವ ನೈಸ್ (NICE) ಸಂಸ್ಥೆಯ 2018ರ ಮಾರ್ಗಸೂಚಿಯಲ್ಲೇ ಇದೆ: ಹೆಪಾರಿನ್ (ಎನೋಕ್ಸಪರಿನ್ ಇದರದೇ ಒಂದು ಬಗೆ) ಪ್ರಾಣಿಮೂಲದ್ದು, ಕೆಲವರಿಗೆ ಒಗ್ಗದಿರಬಹುದು, ಬೇರೆ ದಾರಿಯ ಬಗ್ಗೆ ಮಾತಾಡಿ. ಫೊಂಡಪರಿನಕ್ಸ್ ಅನ್ನೋ ಕೃತಕ ಔಷಧಿ ಇದೆ. ಆದರೆ ಕಿಡ್ನಿ ಸರಿಯಿಲ್ಲದವರಿಗೆ ಅದನ್ನು ಕೊಡುವಾಗ ಹುಷಾರಾಗಿರಬೇಕು.

ಧರ್ಮದ ಕಾಲಮ್ ನೋಡಿ ಉತ್ತರ ಊಹಿಸೋಕೆ ಆಗಲ್ಲ, ಅದೇ ಮಜಾ. ಮುಸ್ಲಿಂ ತಾತ ಒಬ್ಬರು, ಜೀವ ಉಳಿಸೋ ಔಷಧಿ ತಾನೆ, ಕೊಡು ಅಂದರು. ಗುಜರಾತಿ ಜೈನ ಅಜ್ಜಿ ಬೇಡವೇ ಬೇಡ ಅಂದರು. ಯಾವ ದೇವರನ್ನೂ ನಂಬದ ವೀಗನ್ ಹುಡುಗಿಯೂ ಬೇಡ ಅಂದಳು.

ಹಾಗಂತ ಇಲ್ಲಿಯದೇ ಜಾಸ್ತಿ ಸರಿ ಅನ್ನಲಾರೆ. ನಮ್ಮೂರಲ್ಲಿ ದಿಂಬಿನ ಕೆಳಗೆ ಮಂತ್ರಾಲಯದ ಮೃತ್ತಿಕೆಯೋ ದರ್ಗಾದ ದಾರವೋ ಇದ್ದರೆ, ಹಾಸಿಗೆ ಬದಲಿಸುವಾಗ ಎತ್ತಿ ಸುಮ್ನೆ ಅಲ್ಲೇ ಇಡುತ್ತಿದ್ದೆವು. ಆಪರೇಷನ್‌ಗೆ ಮಾಂಗಲ್ಯ ತೆಗೆಸಿದರೆ, ಅತ್ತೆ ಅಷ್ಟರಲ್ಲೇ ಅರಿಶಿನದ ಕೊಂಬು ಕಟ್ಟಿದ ದಾರ ಹಿಡಿದು ನಿಂತಿರುತ್ತಿದ್ದರು. ಫಾರ್ಮ್ ಇಲ್ಲ, ಸಹಿ ಇಲ್ಲ. ಇಲ್ಲಿ ನಮ್ಮ ಚೆಕ್‌ಲಿಸ್ಟಿನಲ್ಲಿ ಮದುವೆಯ ಉಂಗುರಕ್ಕೆ ಟೇಪ್ ಸುತ್ತಲು ಒಂದು ಚೌಕ ಇದೆ. ಕರಿಮಣಿಗೆ ಇಲ್ಲ.

ಆದರೆ ಮನೆಯವರ ಕಾಳಜಿ ಕಣ್ಣಿಗೆ ಕಾಣುವುದರವರೆಗೆ ಮಾತ್ರ ಹೋಗುತ್ತದೆ. ಸಿರಿಂಜಿನ ಒಳಗಿನದು ನಮಗೇ ಗೊತ್ತು. ನಾವೇ ಹೇಳಬೇಕು ಅಲ್ವಾ?

ಹೋದ ವರ್ಷ ತುಮಕೂರಿನಲ್ಲಿ ಅಮ್ಮನಿಗೆ ಮಂಡಿ ಆಪರೇಷನ್. ಫೋನಿನಲ್ಲಿ ಈ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಬೇರೇದು ಇದ್ರೆ ಕೇಳು. ಇಲ್ದಿದ್ರೆ ಅದೇ ಹಾಕ್ಲಿ, ಮಡಿ ಆಮೇಲೆ ನೋಡ್ಕೊಳ್ಳೋಣ" ಅಂದಳು. ಡಾಕ್ಟರನ್ನು ಕೇಳಿದೆ. ಬೇರೆಯದು ಅಲ್ಲೂ ಇತ್ತು.

"ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ನೋಡಿ" ಅಂದರು ಅವರು.